ಎರಡು ಮನೆಗೆ ಒಂದು ಕೊಳವೆ

ಕೇಸರಿಬಾಯಿ ತನ್ನ ಲಂಬಾಣಿ ತಾಂಡಾ ಬಿಟ್ಟು ಹಳಿಯಾಳಕ್ಕೆ ಬಂದು ಗಾರೆ ಕೆಲಸಕ್ಕೆ ನಿಂತು ಬಹಳ ವರ್ಷಗಳಾಗಿದ್ದವು. ಗಂಡ ತೀರಿಕೊಂಡಿದ್ದ. ಜಗಳಕ್ಕೂ ಸಮಾಧಾನಕ್ಕೂ ಉಳಿದವಳು ಪಕ್ಕದ ಖೋಲಿಯ ಖತೀಜಾಬಿ, ಸಿದ್ದಿ ಹೆಣ್ಣುಮಗಳು. ಇಬ್ಬರದೂ ಒಂದೇ ಗಾರೆ ಕೆಲಸ. ಅವರ ಸಾಲುಮನೆಗಳ ಚಾಳಿನಲ್ಲಿ ಖೋಲಿಗಳ ನಡುವಿನ ಗೋಡೆ ಆಳೆತ್ತರಕ್ಕೇ ನಿಂತಿತ್ತು. ಮೇಲಿನ ಹಂಚು ಎಲ್ಲರಿಗೂ ಒಂದೇ. ಒಬ್ಬರು ಒಗ್ಗರಣೆ ಹಾಕಿದರೆ ಇಡೀ ಚಾಳು ಸೀನುತ್ತಿತ್ತು.

ತೊಂಬತ್ತೈದನೇ ಇಸವಿಯ ಸುಮಾರಿಗೆ ಪೇಟೆಯ ಗಾಳಿ ಸ್ವಚ್ಛ ಮಾಡುತ್ತೇವೆಂದು ಸರ್ಕಾರದವರು ಹೊಗೆಯಿಲ್ಲದ ಹೊಸ ಒಲೆ ತಂದರು. ಕೇಸರಿಬಾಯಿಯ ಖೋಲಿಯಲ್ಲಿ ಕಟ್ಟಿ, ಸಿಮೆಂಟಿನ ಕೊಳವೆ ನಿಲ್ಲಿಸಿದರು. ಕೊಳವೆ ಗೋಡೆ ದಾಟಿತು, ಹಂಚು ಮುಟ್ಟಲಿಲ್ಲ. ಎಲ್ಲರಿಗೂ ಅಷ್ಟೇ ಉದ್ದವಂತೆ.

ಒಲೆ ಹೊತ್ತಿಸಿದಳು. ಅವಳ ಖೋಲಿಯಲ್ಲಿ ಹೊಗೆಯೇ ಇಲ್ಲ! ಅದು ಗೋಡೆಯ ಮೇಲಿಂದ ಖತೀಜಾಬಿಯ ಕಡೆಗೆ ಇಳಿಯಿತು. ಅಲ್ಲಿ ಮಗಳು ನಸ್ರೀನ ಬಾಣಂತಿ. ಕೂಸು ಕೆಮ್ಮತೊಡಗಿತು.

"ಕೇಸರಿಬಾಯೀ, ನಿನ್ನ ಸರ್ಕಾರದ ಹೊಗಿ ನನ್ನ ಮನ್ಯಾಗ ಬಿಡ್ತಿಯೇನ? ಕೂಸಿಗೆ ಉಸರಾಡಾಕ ಆಗವಲ್ದು!"

"ನಾ ಬಿಟ್ಟೇನೇನ? ಅದಕ್ಕ ದಾರಿ ಸಾಹೇಬ್ರು ತೋರಿಸ್ಯಾರ!"

ಅಂದಳು, ಒಲೆಗೆ ನೀರು ಹೊಯ್ದಳು. ಹಿತ್ತಲಲ್ಲಿ ಮೂರು ಕಲ್ಲು ಹೂಡಿದಳು. ಮಳೆ ಶುರುವಾದ ಮೇಲೆ ಅದೂ ಆಗಲಿಲ್ಲ. ಕಚೇರಿಗೆ ಹೋದಳು. ಉದ್ದದ ಕೊಳವೆ ಯೋಜನೆಯಲ್ಲಿ ಇಲ್ಲ ಎಂದರು ಸಾಹೇಬರು.

"ಬೇಕಾರ ಪಕ್ಕದ ಮನಿಗೂ ಒಂದು ಒಲಿ ಕೊಡೂಣು."

"ನನ್ನ ಹೊಗಿ ಆಕಿಗೆ, ಆಕಿ ಹೊಗಿ ನನಗ. ಭಾಳ ಛಲೋ ಆತ್ರಿ!"

ಆದರೂ ಖತೀಜಾಬಿಯ ಪಾಲಿನ ಕೊಳವೆ ಬಂತು. ಒಲೆ ಕಟ್ಟುವವರು ಇನ್ನೂ ಬಂದಿರಲಿಲ್ಲ. ಗೆಳತಿಯರಿಬ್ಬರೂ ಅದನ್ನು ಎತ್ತಿ ಕೇಸರಿಬಾಯಿಯ ಕೊಳವೆಯ ಮೇಲೆ ಕೂರಿಸಿದರು. ಸಂದಿಗೆ ಸಿಮೆಂಟು ಮೆತ್ತಿ, ಒಂದು ಹಂಚು ಸರಿಸಿದರು. ಹೊಗೆ ಬಯಲಿಗೆ ಹೋಯಿತು. ಎರಡೂ ಮನೆಯ ರೊಟ್ಟಿ ಒಂದೇ ಒಲೆಯ ಮೇಲೆ ಬೇಯತೊಡಗಿತು. ಯಾರದು ಮೊದಲು ಎಂಬ ಜಗಳ ಇದ್ದೇ ಇತ್ತು.

ಸಾಹೇಬರು ಫೋಟೋ ತೆಗೆಯಲು ಬಂದರು. ನೋಡಿ ಹಣೆ ಚಚ್ಚಿಕೊಂಡರು.

"ಒಂದು ಒಲಿಗೆ ಒಂದ ಕೊಳವಿ! ಅದನ್ನ ಇಳಸ್ರಿ. ಇಲ್ಲಾಂದ್ರ ಖತೀಜಾಬಿ ಹೆಸರು ಪಟ್ಟಿಯಿಂದ ತಗೀತೇನಿ."

"ತಗೀರಿ. ನಂದೂ ತಗೀರಿ."

"ಅಲ್ಲಬೇ, ಸರ್ಕಾರ ಇಷ್ಟೆಲ್ಲಾ ವಿಚಾರ ಮಾಡಿ ಹೊಸಾದು ಕೊಟ್ರ..."

"ವಿಚಾರ ಮಾಡೂಮುಂದ ಒಮ್ಮೆ ಕತ್ತೆತ್ತಿ ಮ್ಯಾಲ ನೋಡಬೇಕಿತ್ರಿ!"

ಸಾಹೇಬರು ಕೊಳವೆಗೆ ಕೈಹಾಕಲು ಹೋದರು. ಕೇಸರಿಬಾಯಿ ಹಿಟ್ಟಿನ ಕೈಯಲ್ಲೇ ಅಡ್ಡ ನಿಂತಳು.

"ಸಣ್ಣಗ ಮಾತಾಡ್ರಿ. ಆಚೀಕಡೆ ಕೂಸು ಈಗ ಮಲಕೊಂಡೈತಿ."

ಸಾಹೇಬರು ಗೊಣಗುತ್ತಾ ಹೊರಟರು. ಗೋಡೆಯಾಚೆಯಿಂದ ಖತೀಜಾಬಿ ಪಿಸುಗುಟ್ಟಿದಳು:

"ಹೋದನೇನ? ನನ್ನ ಪಾಳಿ ಯಾವಾಗ?"

"ತಡಿಯವ್ವಾ! ನಂದಿನ್ನೂ ಎರಡು ರೊಟ್ಟಿ ಅದಾವ!"