ಅಂಕಣದಾಚೆಗಿನ ಕನ್ನಡ

ಅವರ ಎರಡೂ ಕಿವಿಗಳಲ್ಲಿ ಸದಾ ಹತ್ತಿಯ ಉಂಡೆ. ಚಿಕ್ಕಂದಿನಿಂದಲೂ ಕಿವಿ ಸೋರಿ ಸೋರಿ ಕೇಳುವುದು ಮಂದವಾಗಿತ್ತು. ತಮಿಳುನಾಡಿನ ಉತ್ತಮಪಾಳಯದ ನಮ್ಮ ಶಾಲೆಯಲ್ಲಿ ಅವರು ಪಿ.ಟಿ. ಟೀಚರ್, ಸಂಬಂಧದಲ್ಲಿ ನನಗೆ ಅತ್ತೆ. ಹಾಗಾಗಿ ನನ್ನ ಪಾಲಿಗೆ ಟೀಚರತ್ತೆ.

ನಮ್ಮ ಕಬಡ್ಡಿ ತಂಡದ ಹುಡುಗಿಯರೆಲ್ಲ ಕನ್ನಡದ ಮನೆಯವರೇ. ಎದುರಾಳಿಗಳಿಗೆ ತಿಳಿಯದಿರಲೆಂದು ಅತ್ತೆ ಕನ್ನಡದಲ್ಲೇ ಕೂಗಿ ಹೇಳುತ್ತಿದ್ದರು. ನಮಗೆ ಅರ್ಥವಾಗುತ್ತಿತ್ತು, ಆದರೆ ತಮಿಳೇ ರೂಢಿಯಾಗಿ ಒಂದೆರಡು ಮಾತಿಗಿಂತ ಹೆಚ್ಚು ನಾಲಿಗೆಗೆ ಬರುತ್ತಿರಲಿಲ್ಲ. ಬಂದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಕಿವಿಯೊಳಗೆ ಕೇಳಿಸುವ ಮಿಷನ್ ಇಟ್ಟರೆ ಸೋರುವುದು ಹೆಚ್ಚಾಗುತ್ತಿತ್ತು. ಕೊನೆಗೆ ಹೆಡ್‌ಮಿಸ್ಟ್ರೆಸ್ ತಂಡವನ್ನು ಬೇರೆಯವರಿಗೆ ಕೊಡುವ ಮಾತೆತ್ತಿದರು.

ಆಗ ಅತ್ತೆ ನನ್ನನ್ನು ಕರೆದುಕೊಂಡು ಮಧುರೆಗೆ ಹೋದರು. ಡಾಕ್ಟರಮ್ಮ ಕಂಪಿಸುವ ಲೋಹದ ಕವಲುಕಡ್ಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಅತ್ತೆ ಕಣ್ಣರಳಿಸಿದರು.

"ಕೇಳ್ಸ್ತೈತೆ ಕಣ್ಣು," ಎಂದರು ನನಗೆ. ಅಕ್ಕರೆ ಬಂದಾಗ ತಮಿಳರಂತೆ ನನ್ನನ್ನು 'ಕಣ್ಣು' ಎಂದೇ ಕರೆಯುತ್ತಿದ್ದರು.

ತಲೆ ಬೋಳಿಸಿ, ಉದ್ದಕ್ಕೆ ಕೊಯ್ಯುತ್ತಾರೆಂಬ ಹೆದರಿಕೆಯಿಂದ ಅವರು ಇಷ್ಟು ವರ್ಷ ಆಪರೇಷನ್ನಿನ ಹತ್ತಿರವೇ ಸುಳಿದಿರಲಿಲ್ಲ. ಡಾಕ್ಟರಮ್ಮ ನಕ್ಕು ತಮಿಳಿನಲ್ಲಿ ವಿವರಿಸಿದರು: ಕೂದಲು ತೆಗೆಯುವುದಿಲ್ಲ, ಹಣೆಯ ಬೊಟ್ಟಿನಷ್ಟು ತೂತು, ಅದರಲ್ಲಿ ಮೂಳೆಗೆ ಒಂದು ಪುಟ್ಟ ತಿರುಪುಮೊಳೆ; ಅದಕ್ಕೆ ಸಿಕ್ಕಿಸುವ ಮಿಷನ್ ಸದ್ದನ್ನು ಮೂಳೆಯ ಮೂಲಕವೇ ಒಳಕಿವಿಗೆ ಮುಟ್ಟಿಸುತ್ತದೆ. ಅಷ್ಟು ಜಾಗ ಮಾತ್ರ ಮರಗಟ್ಟಿಸಿ ಮಾಡಿದರು. ಸಂಜೆಯ ಬಸ್ಸಿಗೆ ನಾವು ಊರಿಗೆ ಹೊರಟೆವು.

ಮೂಳೆ ತಿರುಪನ್ನು ಹಿಡಿದುಕೊಳ್ಳಲು ಕೆಲವು ವಾರ ಬೇಕಾಯಿತು. ಆಮೇಲೆ ಅದಕ್ಕೆ ಮಿಷನ್ ಸಿಕ್ಕಿಸಿದರು. ನಾನು ರೂಢಿಯಂತೆ ಕಿರುಚಿ, "ಅತ್ತೇ, ಕೇಳ್ತೈತಾ?" ಎಂದೆ.

"ಯಾಕಿಷ್ಟು ಅರಚ್ತೀಯ? ಮೆಲ್ಲಗ ಮಾತಾಡು," ಎಂದು ಗದರಿದ ಅತ್ತೆ ಮರುಕ್ಷಣ ಅತ್ತುಬಿಟ್ಟರು.

ಮರುದಿನವೇ ಮೈದಾನದಲ್ಲಿ ಅಪ್ಪಣೆಯಾಯಿತು: "ಇನ್ಮ್ಯಾಗೆ ನೀವೂ ಕನ್ನಡದಾಗೇ ಮಾತಾಡ್ಬೇಕು."

ದಿಂಡಿಗಲ್‌ನ ಫೈನಲ್‌ನಲ್ಲಿ ಅಂಕ ಸಮ. ಕೊನೆಯ ದಾಳಿ ನನ್ನದು. ಜನರ ಕೂಗಾಟದ ನಡುವೆ, ಗೆರೆ ದಾಟುವ ಮುನ್ನ ನಾನು ತಿರುಗಿ, "ಅತ್ತೇ, ಎಡಗಡೆ ಮೂಲೆಯವ್ಳು ಕುಂಟ್ತಾವ್ಳೆ. ಅತ್ತ ಹೋಗ್ಲಾ?" ಎಂದೆ.

"ಬ್ಯಾಡ. ಅವ್ಳ್ನ ಕಾಯಾಕೆ ಎಲ್ರೂ ಅತ್ತ ಸರಿದವ್ರೆ. ಬಲಗಡೆ ನುಗ್ಗು."

ನುಗ್ಗಿದೆ. ಬಲಮೂಲೆಯ ಹುಡುಗಿಯನ್ನು ಮುಟ್ಟಿ, ಉಸಿರು ಬಿಡದೆ ಗೆರೆಗೆ ಬಂದು ಬಿದ್ದೆ. ನಾವು ಗೆದ್ದೆವು. ಅತ್ತೆ ಅಂಕಣಕ್ಕೇ ಓಡಿಬಂದು ನನ್ನನ್ನು ಎತ್ತಿಕೊಂಡರು. ಶಾಲೆಯಲ್ಲಿ ಬಹುಮಾನ ಕೊಡುವಾಗ ಹೆಡ್‌ಮಿಸ್ಟ್ರೆಸ್ ಅವರನ್ನೇ ಮೊದಲು ವೇದಿಕೆಗೆ ಕರೆದರು.

ಈಗ ಒಡ್ಡನ್‌ಛತ್ರದ ಶಾಲೆಯೊಂದರಲ್ಲಿ ನಾನೂ ಪಿ.ಟಿ. ಟೀಚರ್. ಮನೆಯಲ್ಲಿ ಮಗಳೊಂದಿಗೆ ಕನ್ನಡ ಆಡುತ್ತೇನೆ. ನಮ್ಮಜ್ಜಿಯ ಮಾತು ನನ್ನ ಮಗಳವರೆಗೆ ಬಂದದ್ದು ಅತ್ತೆಯಿಂದ.