ಅಂಗೈಗಿಂತ ಸಣ್ಣ ಬೂತಾಯಿ

ಕಳೆದ ವಾರ ಪಂಪ್‌ವೆಲ್‌ನ ಮೀನಿನ ಅಂಗಡಿಯಲ್ಲಿ ಒಂದು ಬೂತಾಯಿಯನ್ನು ಎತ್ತಿ ಅಂಗೈ ಮೇಲೆ ಮಲಗಿಸಿದೆ. ಬಾಲವನ್ನು ಮಣಿಕಟ್ಟಿನ ಗೆರೆಗೆ ಹಿಡಿದರೆ ಮೂತಿ ಬೆರಳಿನ ಬುಡಕ್ಕೂ ಮುಟ್ಟಲಿಲ್ಲ. "ಅಳತೆ ಎಂತಕ್ಕೆ ಮೇಡಂ? ಮರಿ ಅದು, ಮುಳ್ಳು ಸಮೇತ ಹುರೀಬಹುದು" ಎಂದು ಅಂಗಡಿಯವ ನಕ್ಕ. ಕೈಗಂಟಿದ ಆ ಮೀನೆಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೀನಿನಕ್ಕ ಕಣ್ಣೆದುರು ಬಂದು ನಿಂತರು...

ದೇರೆಬೈಲಿನ ನಮ್ಮ ಓಣಿಗೆ ಅವರು ಬುಟ್ಟಿ ಹೊತ್ತು ಬರುತ್ತಿದ್ದದ್ದು ಮಧ್ಯಾಹ್ನ, ನಾನು ಶಾಲೆಯಿಂದ ಊಟಕ್ಕೆ ಮನೆಗೆ ಬರುವ ಹೊತ್ತಿಗೆ. ನಾಲ್ಕೂವರೆ ಅಡಿಯ ಹೆಂಗಸು. ಹಿಂದಿನಿಂದ ನೋಡಿದರೆ ಶಾಲೆಗೆ ಹೋಗುವ ಹುಡುಗಿಯೇ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ನಾವು ತಮಾಷೆ ಮಾಡಿದರೆ ಅವರೇ ಒಂದು ಹೆಜ್ಜೆ ಮುಂದೆ ಹೋಗಿ ತಮ್ಮ ಹೆರಿಗೆಯ ಕತೆ ತೆಗೆಯುತ್ತಿದ್ದರು. "ನರ್ಸ್ ಮಗುವನ್ನು ಎತ್ತಿಕೊಂಡು ಬಂದು ನನ್ನ ಮುಖ ನೋಡಿ, ಏ ಹುಡುಗಿ, ಇದರ ತಾಯಿ ಎಲ್ಲಿ ಅಂತ ಕೇಳಿದ್ಲು. ನಾನೇ ಮಾರಾಯ್ತಿ ಅಂದೆ!" ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಆಮೇಲೆ ನಾನು ಕೊಟ್ಟ ಬೆಲ್ಲ, ನೀರು ಮುಗಿಸಿ ಬುಟ್ಟಿ ಎತ್ತುತ್ತಿದ್ದರು.

ಅವರದ್ದೊಂದು ಹಟ ಇತ್ತು. ತಮ್ಮ ಅಂಗೈಗಿಂತ ಸಣ್ಣ ಬೂತಾಯಿಯನ್ನು ಅವರು ಮಾರುತ್ತಿರಲಿಲ್ಲ. ಮರಿಗಳನ್ನೇ ತಿಂದು ಮುಗಿಸಿದರೆ ನಾಳೆ ಕಡಲಲ್ಲಿ ಎಂತ ಉಳಿಯುತ್ತದೆ ಎನ್ನುವುದು ಅವರ ವಾದ. ಬಂದರಿನಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಯಾರಾದರೂ ಸಣ್ಣ ಮೀನು ಸುರಿದರೆ, "ಇದರ ತಾಯಿ ಎಲ್ಲಿ? ತಾಯಿಯನ್ನು ತನ್ನಿ, ಮಾರ್ತೇನೆ" ಎಂದು ಎಲ್ಲರೆದುರು ಜಗಳಕ್ಕೆ ನಿಲ್ಲುತ್ತಿದ್ದರು. ಇದೇ ವಿಷಯಕ್ಕೆ ಸ್ವಂತ ಓರಗಿತ್ತಿಯ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಗಂಡನ ತಮ್ಮನ ಹೆಂಡತಿ ಆಕೆ. ಧಕ್ಕೆಯಲ್ಲಿ ಸಣ್ಣ ಬೂತಾಯಿ ಕೊಯ್ದು ಮಾರುತ್ತಿದ್ದಳು. ಒಂದೇ ಅಂಗಳದ ಎರಡು ಮನೆ, ಆದರೂ ಅವಳ ಕೈಯ ನೀರು ಕೂಡ ಇವರು ಮುಟ್ಟುತ್ತಿರಲಿಲ್ಲ.

ಒಂದು ವರ್ಷ ಮಳೆಗಾಲದ ಮೀನುಗಾರಿಕೆ ರಜೆ ಮುಗಿದು ದೋಣಿಗಳು ಇಳಿದಾಗ ಬೂತಾಯಿ ರಾಶಿ ರಾಶಿ ಬಿತ್ತು. ಬಿದ್ದದ್ದೆಲ್ಲ ಸಣ್ಣದು. ಅಕ್ಕನ ಬುಟ್ಟಿಯಲ್ಲಿ ಬೇರೆ ಮೀನು ಬಿಟ್ಟರೆ ಬೂತಾಯಿ ಇಲ್ಲ. ನನಗೋ ಹುಳಿ-ಖಾರದ ಪುಳಿಮುಂಚಿ ಸಾರಿನ ಆಸೆ. ಒಂದು ಭಾನುವಾರ ಸ್ಕೂಟರಿನಲ್ಲಿ ಮೀನು ಮಾರಲು ಬಂದವನ ಹತ್ತಿರ ಗುಟ್ಟಾಗಿ ತೆಗೆದುಕೊಂಡು, ಹಿತ್ತಿಲ ಕಲ್ಲಿನ ಮೇಲೆ ಕೊಯ್ಯಲು ಕೂತಿದ್ದೆ. ಅಷ್ಟರಲ್ಲಿ ಅಕ್ಕ ಬಂದರು. ಕಳ್ಳಿಯ ಹಾಗೆ ಸಿಕ್ಕಿಬಿದ್ದೆ.

"ಟೀಚರ್, ನೀವೂ ಮರಿ ತಿನ್ನಲಿಕ್ಕೆ ಸುರು ಮಾಡಿದ್ರಾ? ಮಕ್ಕಳಿಗೆ ಪಾಠ ಹೇಳುವವರು!" ಎಂದು ಅವರು ಬುಟ್ಟಿ ಇಳಿಸಿ ಶುರುಮಾಡಿದರು. ನಾನು ತಲೆ ತಗ್ಗಿಸಿ, ಕೈಯಲ್ಲಿದ್ದ ಮೀನಿನ ಹೊಟ್ಟೆ ಸೀಳಿದೆ.

ಮೊಟ್ಟೆ! ಆ ಬೆರಳುದ್ದದ ಮೀನಿನ ಹೊಟ್ಟೆಯಲ್ಲಿ ಹಳದಿ ಮೊಟ್ಟೆಯ ಎರಡು ಎಳೆ, ಗಟ್ಟಿಯಾಗಿ ತುಂಬಿಕೊಂಡಿತ್ತು. ಅಕ್ಕ ಕತ್ತಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಇನ್ನೊಂದು ಸೀಳಿದರು. ಮೊಟ್ಟೆ. ಮತ್ತೊಂದು... ಅದರಲ್ಲೂ. ಅಕ್ಕ ಒದ್ದೆ ನೆಲದಲ್ಲೇ ಕುಕ್ಕರಿಸಿಬಿಟ್ಟರು.

"ಮರಿ ಅಲ್ಲ ಇದು... ಪ್ರಾಯ ಆಗಿದೆ ಇದಕ್ಕೆ."

ಒಂದೇ ಕಡೆ ಜೀವಿಗಳು ಹೆಚ್ಚಾಗಿ ಆಹಾರ ಸಾಲದೆ ಹೋದರೆ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ವರ್ಷ ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಪುಸ್ತಕದ ಬದನೆಕಾಯಿ! ಕಡಲಿನಲ್ಲೂ ಹಾಗೇ ಆಗಬಹುದು ಎಂದು ಒಮ್ಮೆಯಾದರೂ ಹೊಳೆಯಬೇಡವೇ? ಅದನ್ನೇ ಅಕ್ಕನಿಗೆ ಹೇಳಿದೆ. ತಿನ್ನುವ ಬಾಯಿ ಜಾಸ್ತಿಯಾಗಿ ತಿನ್ನಲು ಸಾಲದೆ ಹೋದರೆ ಮೀನಿಗೆ ವಯಸ್ಸಾಗುತ್ತದೆ, ಮೈ ಬೆಳೆಯುವುದಿಲ್ಲ ಎಂದೆ.

ಅವರು ಸೀಳಿದ ಮೀನೊಂದನ್ನು ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು.

"ನಮ್ಮ ಮನೆಯಲ್ಲಿ ನಾವು ಏಳು ಮಕ್ಕಳು ಟೀಚರ್. ಗಂಜಿ ಮಡಕೆ ಒಂದೇ. ದೋಣಿಗೆ ಹೋಗುವ ಅಣ್ಣಂದಿರಿಗೆ ಮೊದಲು. ನನ್ನ ಸರದಿ ಬರುವಾಗ ಬರೀ ತಿಳಿ." ಅವರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು. "ಆ ನರ್ಸ್ ಕೇಳಿದ್ದನ್ನೇ ನಾನೂ ಇಷ್ಟು ವರ್ಷ ಕೇಳ್ತಾ ಬಂದೆ ಅಲ್ವಾ. ತಾಯಿಯನ್ನೇ ಕೈಯಲ್ಲಿ ಹಿಡಿದುಕೊಂಡು, ತಾಯಿ ಎಲ್ಲಿ ಅಂತ..."

ಆ ಕತೆಗೆ ನಾವು ಎಷ್ಟು ಸಲ ನಕ್ಕಿದ್ದೆವು! ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಒಂದು ವಾರ ಅವರು ಓಣಿಯ ಕಡೆ ಸುಳಿಯಲಿಲ್ಲ. ಮತ್ತೆ ಬಂದಾಗ ಕಣ್ಣು ಊದಿಕೊಂಡಿತ್ತು. ಓರಗಿತ್ತಿಯ ಮನೆಗೆ ಹೋಗಿ ತಪ್ಪಾಯಿತು ಎಂದರಂತೆ. ಅದಕ್ಕೆ ಆಕೆ, "ನನಗೆ ಮೊದಲೇ ಗೊತ್ತುಂಟು ಅಕ್ಕ. ದಿನಾ ಹೊಟ್ಟೆ ಸೀಳುವವಳು ನಾನು. ಹೇಳಲಿಕ್ಕೆ ನೀವು ಬಿಟ್ಟರೆ ಅಲ್ವಾ?" ಎಂದಳಂತೆ. ಮರಿ ಎಂದು ಮುಟ್ಟದೆ ಉಳಿಸಿದ ಮೀನಿನ ಹೊಟ್ಟೆಯನ್ನು ಅಕ್ಕ ಒಂದು ದಿನವೂ ತೆರೆದು ನೋಡಿರಲಿಲ್ಲ. ಆಮೇಲೆ ಅವರು ಯಾವ ಮೀನನ್ನೂ ಅಂಗೈಯಲ್ಲಿ ಅಳೆಯಲಿಲ್ಲ.

ಅವರು ತೀರಿಕೊಂಡು ಈಗ ಮೂರು ವರ್ಷ.

ಪಂಪ್‌ವೆಲ್‌ನ ಅಂಗಡಿಯವನಿಗೆ, ಹೊಟ್ಟೆ ಸೀಳಿ ತೋರಿಸು ಎಂದೆ. ಸೀಳಿದ. "ಅಯ್ಯೋ ದೇವರೇ, ಇಷ್ಟು ಸಣ್ಣದರಲ್ಲಿ ಮೊಟ್ಟೆಯಾ!" ಎಂದು ಕಣ್ಣರಳಿಸಿದ. ಮೀನು ತಂದು ಪುಳಿಮುಂಚಿ ಮಾಡಿದೆ. ಊಟಕ್ಕೆ ಕೂತು ಮೊದಲ ತುತ್ತು ಎತ್ತಿದವಳು ಅದನ್ನು ತಟ್ಟೆಗೇ ಇಳಿಸಿದೆ. ಅಕ್ಕ ಅಷ್ಟು ವರ್ಷ, ಸರಿಯಾಗಿ ಊಟದ ಹೊತ್ತಿಗೆ ನನ್ನ ಅಂಗಳಕ್ಕೆ ಬಂದು ಹೋದವರು. ಬೆಲ್ಲ ಕೊಟ್ಟೆ, ನೀರು ಕೊಟ್ಟೆ... ಬನ್ನಿ ಅಕ್ಕ, ಎರಡು ತುತ್ತು ಉಂಡು ಹೋಗಿ ಎಂದು ಒಂದು ದಿನವೂ ಕರೆಯಲಿಲ್ಲವಲ್ಲ ನಾನು!