ಹಿಂದೆ ಸರಿಯದ ದೌಲತರಾಯರು

ಸರಸಂಬಾ ಊರಿನ ಗೌಡರು ದೌಲತರಾಯರು. ಎಂಬತ್ತಮೂರನೇ ಇಸವಿಯ ಸುಮಾರಿಗೆ ಅವರು ಟ್ರ್ಯಾಕ್ಟರ್ ತಂದಾಗ ಕಂಪನಿಯ ಮನುಷ್ಯನೊಬ್ಬ ಬಂದು ನಡೆಸುವುದನ್ನು ಕಲಿಸಿದ. ಆದರೆ ಹಿಂದಕ್ಕೆ ಒಯ್ಯುವುದನ್ನು ಕಲಿಸಬೇಕಾದ ದಿನ ಗೌಡರು ಬೀಗರ ಊಟಕ್ಕೆಂದು ಅಫಜಲಪುರಕ್ಕೆ ಹೋಗಿದ್ದರು. ಮರಳಿ ಬರುವಷ್ಟರಲ್ಲಿ ಆತ ಹೊರಟುಹೋಗಿದ್ದ. ಊರಿಗೇ ಬುದ್ಧಿ ಹೇಳುವವರು ಇನ್ನೊಬ್ಬರನ್ನು ಬಾಯಿಬಿಟ್ಟು ಕೇಳುವುದು ಹೇಗೆ? ಕೇಳಲಿಲ್ಲ.

ಅಂದಿನಿಂದ ಅವರ ಟ್ರ್ಯಾಕ್ಟರ್ ಮುಂದಕ್ಕಷ್ಟೇ ಹೋಯಿತು. ತಿರುಗಿಸಬೇಕಾದರೆ ಬಯಲು ಹುಡುಕುತ್ತ ಮುಂದಿನ ಊರಿನ ತನಕ ಹೋಗಿ ಸುತ್ತು ಹಾಕಿ ಬರುತ್ತಿದ್ದರು. ಓಣಿಯಲ್ಲಿ ಎದುರಿಗೆ ಬಂಡಿ ಬಂದರೆ ಮೀಸೆ ತೀಡುತ್ತ ಕೂತುಬಿಡುವರು. ಬಂಡಿಯವನೇ ಎತ್ತು ಬಿಚ್ಚಿ ಹಿಂದೆ ಸರಿಯಬೇಕು. "ಗೌಡ್ರು ಹಿಂದ ಸರಿಯೋ ಮನುಷ್ಯಾ ಅಲ್ಲ" ಎಂದು ಊರು ಮಾತಾಡಿಕೊಂಡಿತು. ಜಗಳ ಬಗೆಹರಿಸಲು ಅಕ್ಕಪಕ್ಕದ ಊರಿನವರೂ ಕರೆಯತೊಡಗಿದರು. ಆ ಹೆಸರು ದೌಲತರಾಯರಿಗೆ ಹಿತವಾಗಿತ್ತು.

ಒಂದು ಬೇಸಿಗೆಯಲ್ಲಿ ಹನ್ನೊಂದು ವರ್ಷದ ಮಗಳು ಗುರುಶಾಂತಿ ತನಗೂ ಟ್ರ್ಯಾಕ್ಟರ್ ಕಲಿಸಬೇಕೆಂದು ಹಟ ಹಿಡಿದಳು.

"ಹುಡುಗೀ ಕಾಲು ಕೆಳಗ ಮುಟ್ಟಂಗಿಲ್ಲ, ಏನ್ ಕಲಿಸ್ತೀರಿ?" ಎಂದು ತಾಯಿ ಸುಭದ್ರಾಬಾಯಿ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಜೋಳ ಕೊಯ್ದು ಬರಿದಾಗಿದ್ದ ಹೊಲಕ್ಕೆ ಅಪ್ಪ ಮಗಳು ಹೊರಟರು.

ಕ್ಲಚ್ ಒತ್ತಲು ಗುರುಶಾಂತಿ ಸ್ಟೇರಿಂಗಿಗೆ ಜೋತುಬಿದ್ದು ಕ್ಲಚ್ಚಿನ ಮೇಲೆ ಎರಡೂ ಕಾಲಿಟ್ಟು ನಿಲ್ಲಬೇಕಿತ್ತು. ದೌಲತರಾಯರು ಮಡ್‌ಗಾರ್ಡಿನ ಮೇಲೆ ಕೂತು ತಾವು ಬಲ್ಲ ಎತ್ತಿನ ಭಾಷೆಯಲ್ಲೇ ಪಾಠ ಹೇಳಿದರು.

"ಸಾವಕಾಶ ಬಿಡಬೇ. ಬರೋಬ್ಬರಿ. ಈಗ ಮೂಗುದಾಣ ಜಗ್ಗು."

"ಮೂಗುದಾಣ ಯಾವದಪ್ಪಾ?"

"ಬ್ರೇಕ್ ಬೇ, ಬ್ರೇಕ್."

ಹುಡುಗಿ ಬೇಗ ಕಲಿತಳು. ಹೊಲವನ್ನು ನಾಲ್ಕಾರು ಸುತ್ತು ಹೊಡೆದ ಮೇಲೆ, "ಹಿಂದಕ್ ಹ್ಯಾಂಗ ಒಯ್ಯೋದಪ್ಪಾ?" ಎಂದಳು.

"ಅದು ಕಡೀ ಪಾಠ. ಮೊದಲ ಮುಂದಿಂದು ಕಲಿ."

ಕಡೆಯ ಪಾಠ ದಿನದಿಂದ ದಿನಕ್ಕೆ ಮುಂದೆ ಹೋಯಿತು.

ಒಂದು ಸಂಜೆ ಅವಳ ಕಾಲಿಗೆ ಬ್ರೇಕು ಸಿಕ್ಕುವಷ್ಟರಲ್ಲಿ ಟ್ರ್ಯಾಕ್ಟರ್ ಪಕ್ಕದ ಹೊಲದ ಅಂಬಾರಾಯನ ಜೋಳದ ಕಣಕಿ ಬಣವೆಗೆ ಮೂತಿ ತೂರಿಸಿ ಬಂದ್ ಬಿತ್ತು.

"ಈಗರೇ ಹೇಳಪ್ಪಾ ಕಡೀ ಪಾಠ."

ದೌಲತರಾಯರು ಇಳಿದು ಬಣವೆಯ ಸುತ್ತ ಗಂಭೀರವಾಗಿ ನಡೆದು ಬಂದರು. "ಇಂಥಾ ವ್ಯಾಳ್ಯಾದಾಗ ಎತ್ತು ಕಟ್ಟಿ ಜಗ್ಗೋದಾ ಪದ್ಧತಿ. ನೀ ಇಲ್ಲೇ ಕೂಡು. ಅಂಬಾರಾಯನ ಎತ್ತು ತರ್ತೇನಿ."

ಎತ್ತು ಹೊಡೆದುಕೊಂಡು ಅಂಬಾರಾಯನೊಂದಿಗೆ ಅವರು ಮರಳುವಾಗ, ಮೈತುಂಬ ಕಣಕಿ ಹೊದ್ದ ಟ್ರ್ಯಾಕ್ಟರ್ ಬೆನ್ನು ಮುಂದಾಗಿ ಅವರತ್ತಲೇ ಬರುತ್ತಿತ್ತು. ಎತ್ತುಗಳು ಹಗ್ಗ ಕಿತ್ತುಕೊಂಡು ಹಳ್ಳದ ಕಡೆ ಓಡಿದವು. ದೌಲತರಾಯರು "ಹೋ, ಹೋ" ಎಂದು ಕೂಗಿದ್ದು ಎತ್ತಿಗೋ ಮಗಳಿಗೋ ಅವರಿಗೇ ತಿಳಿಯಲಿಲ್ಲ. ಗುರುಶಾಂತಿ ಮಾತ್ರ ಬ್ರೇಕಿನ ಮೇಲೆ ಎದ್ದು ನಿಂತು ನಿಲ್ಲಿಸಿದಳು.

ಅಂಬಾರಾಯ ಟ್ರ್ಯಾಕ್ಟರನ್ನೂ ಗೌಡರನ್ನೂ ನೋಡಿದ. "ಇದು ಹಿಂದಕ್ಕೂ ಬರ್ತದೇನ್ರಿ ಗೌಡ್ರ?"

ದೌಲತರಾಯರು ಧೋತರ ಸರಿಮಾಡಿಕೊಂಡರು. "ನಾನಾ ಕಲಿಸೇನಿ."

ಗುರುಶಾಂತಿ ಅಪ್ಪನ ಮುಖ ನೋಡಿದಳು. ಗೇರುಗಳನ್ನು ಒಂದೊಂದಾಗಿ ಹಾಕಿ ನೋಡಿ ತಾನೇ ಕಂಡುಕೊಂಡದ್ದನ್ನು ಹೇಳಲಿಲ್ಲ. "ಹೌದ್ರಿ ಕಾಕಾ, ಕಡೀ ಪಾಠ ಇವತ್ತಾ ಮುಗೀತು" ಎಂದಳು.

ಅಂಬಾರಾಯ ಎತ್ತುಗಳ ಹಿಂದೆ ಓಡಿದ ಮೇಲೆ ದೌಲತರಾಯರು ದನಿ ಇಳಿಸಿ, "ಯವ್ವಾ, ಆ ಗೇರ್ ಎಲ್ಲಿ ಅದ, ತೋರಸು" ಎಂದರು.

ಅವಳು ಖಡಕ್ ಗುರು. ಹೊರಳಿ ನೋಡದೆ ಹಿಂದಕ್ಕೆ ಬಿಟ್ಟರೆ ಅಪ್ಪನನ್ನು ಸೀಟಿನಿಂದ ಇಳಿಸಿಬಿಡುತ್ತಿದ್ದಳು. ಆದರೆ ಪಾಠವೆಲ್ಲ ನಡೆದದ್ದು ಟ್ರಾಲಿ ಹಚ್ಚದ ಬರೀ ಟ್ರ್ಯಾಕ್ಟರಿನ ಮೇಲೆ.

ಮುಂದಿನ ಆಳಂದ ಸಂತೆಯ ದಿನ ಗೌಡರಿಗೆ ಹುಕಿ ಬಂತು. ಹೆಂಡತಿ, ಮಗಳು, ಸಂತೆಯ ಸಾಮಾನು ಎಲ್ಲ ಟ್ರಾಲಿಯಲ್ಲಿರುವಾಗ, ಯಾವ ಅಗತ್ಯವೂ ಇಲ್ಲದೆ, ಸಂತೆಯ ಎದುರಿನ ರಸ್ತೆಯಲ್ಲೇ ನಾಲ್ಕು ಮಂದಿ ನೋಡಲೆಂದು ಹಿಂದಕ್ಕೆ ಬಿಟ್ಟರು. ಟ್ರ್ಯಾಕ್ಟರ್ ಒಂದು ಕಡೆ, ಟ್ರಾಲಿ ಇನ್ನೊಂದು ಕಡೆ ಹೊರಳಿ ಸಡಕು ಪೂರಾ ಬಂದಾಯಿತು. ಆ ಕಡೆಯಿಂದ ಬಂದ ಬಸ್ಸು ಹಾರ್ನು ಹೊಡೆಯತೊಡಗಿತು.

"ಏನ್ರಿ, ಸರಸಂಬಾ ಆ ಕಡಿ ಅದ" ಎಂದರು ಸುಭದ್ರಾಬಾಯಿ, ಮೆಣಸಿನಕಾಯಿ ಚೀಲ ಬಿಗಿಹಿಡಿದು.

ಗುರುಶಾಂತಿ ಟ್ರಾಲಿಯಿಂದ ಇಳಿದು ಬಂದಳು. ದೌಲತರಾಯರು ಬೆವರು ಒರೆಸಿಕೊಂಡು ಸೀಟು ಬಿಟ್ಟುಕೊಟ್ಟರು.

"ಅಪ್ಪಾ, ಹಿಂದ ನಿಂತು ನೋಡಿ ಹೇಳು" ಎಂದಳು ಮಗಳು.

ಇಡೀ ಸಂತೆಯ ಎದುರಿಗೆ ಗೌಡರು ಟ್ರಾಲಿಯ ಹಿಂದೆ ನಿಂತು, ಎರಡೂ ಕೈ ಎತ್ತಿ, "ಬಾ, ಬಾ, ಇನ್ನೊಂದೀಟು ಬಾ" ಎನ್ನುತ್ತ ತಾವೂ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದರು.